ಅತ್ತೆ ಅಲೆಗಿಳಿದ ಭಾನುವಾರ

ಬೇರೆ ಹೆಂಗಸರು ಲಿಪ್‌ಸ್ಟಿಕ್ಕು, ಬಾಚಣಿಗೆ ಇಡುವ ಜಾಗದಲ್ಲಿ ನನ್ನ ಬ್ಯಾಗಿನೊಳಗೆ ಕ್ಲೋರಿನ್ ಪರೀಕ್ಷೆಯ ಪುಟ್ಟ ಡಬ್ಬಿ ಇರುತ್ತದೆ. ಕುಡಿಯುವ ನೀರಿನ ಘಟಕದ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಮಾಡಿ ಅಂಟಿಕೊಂಡ ಚಟ. ಮದುವೆ ಛತ್ರಕ್ಕೆ ಹೋದರೂ ಅಲ್ಲಿನ ನಲ್ಲಿ ನೀರಿಗೆ ಆರ್ಥೋಟಾಲಿಡಿನ್ ಹನಿ ಹಾಕಿ, ಎಷ್ಟು ಹಳದಿ ಬಂತು ಅಂತ ನೋಡದಿದ್ದರೆ ಊಟ ಸೇರುವುದಿಲ್ಲ. ಏಪ್ರಿಲ್ಲಿನ ಒಂದು ಭಾನುವಾರ ಮನೆಮಂದಿಯೆಲ್ಲ ದಾವಣಗೆರೆ ಹತ್ತಿರದ ಸಣ್ಣ ವಾಟರ್ ಪಾರ್ಕಿಗೆ ಹೊರಟಾಗ ನಮ್ಮ ಯಜಮಾನರು ಚಪ್ಪಲಿ ಮೆಟ್ಟುವ ಮೊದಲೇ ಹೇಳಿದರು: “ಇವತ್ತೊಂದಿನ ಆ ಡಬ್ಬಿ ಮನೇಲಿ ಬಿಟ್ಟು ಬಾ.” ಬಿಡಲಿಲ್ಲ.

ದೊಡ್ಡ ಪಾರ್ಕುಗಳ ಕಥೆ ಎಲ್ಲರಿಗೂ ಗೊತ್ತು. 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ಶುರುವಾದ ಮೇಲೆ ಎಷ್ಟೋ ಶಾಲೆಗಳ ಪ್ರವಾಸದ ಬಸ್ಸು ಬೇಲೂರು ಹಳೇಬೀಡಿನ ಜೊತೆಗೆ ಅತ್ತಲೂ ತಿರುಗತೊಡಗಿತು. ನಾನು ಹೇಳುತ್ತಿರುವುದು ಅಂಥದ್ದಲ್ಲ. ಹೆದ್ದಾರಿ ಪಕ್ಕದ ಎರಡು ಮೂರು ಎಕರೆ, ಗೇಟಿನಲ್ಲಿ ಬಣ್ಣ ಮಾಸಿದ ಸಿಮೆಂಟಿನ ಆನೆ, ನಾಲ್ಕೈದು ಜಾರುಬಂಡೆ, ಮಕ್ಕಳಿಗೊಂದು ಮೊಣಕಾಲುದ್ದದ ಕೊಳ, ಒಂದು ಅಲೆಕೊಳ, ಹಾಡು ಹಾಕಿ ಮೇಲಿಂದ ನೀರು ಸುರಿಸುವ ರೇನ್ ಡ್ಯಾನ್ಸ್. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂಬ ಬೋರ್ಡು. ಆ ಬೋರ್ಡಿನ ಕೆಳಗೇ ಕೂತು ನಾವು ತಂದ ಚಪಾತಿ, ಶೇಂಗಾ ಚಟ್ನಿ ಖಾಲಿ ಮಾಡಿಯೇ ಒಳಗೆ ಹೋದದ್ದು.

ಒಳಗೆ ಮೊದಲ ಪೇಚಾಟ ಬಟ್ಟೆಯದು. ನೈಲಾನ್ ಬಟ್ಟೆ ಹಾಕಿದವರಿಗೆ ಮಾತ್ರ ನೀರಿಗೆ ಪ್ರವೇಶ. ಇಲ್ಲದಿದ್ದರೆ ಬಾಡಿಗೆಗೆ ತಗೊಳ್ಳಿ, ಡಿಪಾಜಿಟ್ ಇಡಿ. ಇದು ಬಾಡಿಗೆ ಕೀಳುವ ಉಪಾಯ ಎಂದು ಕೌಂಟರಿನ ಮುಂದೆ ಜಗಳ ಆಡುವವರು ದಿನಾ ಇರುತ್ತಾರಂತೆ. ಸ್ವಲ್ಪ ಮಟ್ಟಿಗೆ ನಿಜವೂ ಇರಬಹುದು. ಆದರೆ ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಯ ಫೈಬರ್‌ಗೆ ಅಂಟಿ ಮಧ್ಯದಲ್ಲೇ ನಿಲ್ಲಿಸುತ್ತದೆ, ಹಿಂದೆ ಬರುವವನು ಬಂದು ಗುದ್ದುತ್ತಾನೆ. ಹತ್ತಿಯ ಎಳೆ, ಬಣ್ಣ ಎರಡೂ ನೀರಿಗೆ ಬಿಟ್ಟು ಮರಳಿನ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಜೀನ್ಸಿನ ಜಿಪ್ಪು ಗುಂಡಿಗಳು ಜಾರುಬಂಡೆಯ ನುಣುಪು ಪದರವನ್ನೇ ಗೀರುತ್ತವೆ. ಸೀರೆಯ ಮಾತಂತೂ ಬೇಡ: ನೀರಿನಲ್ಲಿ ಬಿಚ್ಚಿಕೊಂಡ ಸೆರಗು ಕಾಲಿಗೆ ಸುತ್ತಿಕೊಂಡರೆ ಸೊಂಟದುದ್ದದ ನೀರೂ ಅಪಾಯವೇ.

ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಹೊನ್ನಾಳಿ ಕಡೆ ಹೊಳೆದಂಡೆಯ ಊರಿನವರು. ತುಂಗಭದ್ರೆಯಲ್ಲಿ ಬಟ್ಟೆ ಒಗೆದಿದ್ದಾರೆ, ಎಮ್ಮೆ ತೊಳೆದಿದ್ದಾರೆ, ಸಂಕ್ರಾಂತಿಗೆ ಹರಿಹರಕ್ಕೆ ಹೋಗಿ ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ತಲೆಗೆ ಸುರಿದುಕೊಂಡಿದ್ದಾರೆ. ಮೊಣಕಾಲಿನಿಂದಾಚೆ ಹೊಳೆಗೆ ಇಳಿದವರಲ್ಲ. ಅವರ ಅಣ್ಣತಮ್ಮಂದಿರು ಮಾತ್ರ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ, ಹೊಳೆಯಲ್ಲಿ ಈಜು ಕಲಿತರು. ಭದ್ರಾ ನಾಲೆ ಬಂದ ಮೇಲೆ ನಮ್ಮ ಕಾಲದ ಹುಡುಗರು ಸೇತುವೆ ಮೇಲಿಂದ ಅದಕ್ಕೆ ಧುಮುಕಿದರು. ನಾವು ದಂಡೆ ಮೇಲೆ ನಿಂತು ಅವರ ಅಂಗಿ ಕಾದೆವು. ನಾಲೆಯ ಸೆಳೆತ, ಜಾರುವ ಸಿಮೆಂಟಿನ ಇಳಿಜಾರು ಎಷ್ಟು ಹುಡುಗರನ್ನು ನುಂಗಿವೆಯೋ. ಅದಕ್ಕಾಗಿ ಹೊಟ್ಟೆಕಿಚ್ಚು ಪಡಬೇಕಿಲ್ಲ. ಆದರೂ ಮೈಯೆಲ್ಲ ನೀರಲ್ಲಿ ತೇಲಿಬಿಡುವ ಸುಖ ನಮ್ಮ ಕಡೆಯ ಹೆಂಗಸರಿಗೆ ಸಿಕ್ಕಿದ್ದೇ ಈ ಟಿಕೆಟ್ ಕೊಟ್ಟು ಹೋಗುವ ಕೊಳಗಳು ಬಂದ ಮೇಲೆ. ರುಚಿಯಿಲ್ಲದ ಬಣ್ಣ, ಕಿವಿ ಒಡೆಯುವ ಹಾಡು ಎಂದು ಇವುಗಳನ್ನು ಹಳಿಯುವ ತಿಳಿದವರು ಒಮ್ಮೆ ಇಲ್ಲಿನ ಹೆಂಗಸರ ಮುಖ ನೋಡಲಿ.

“ಇದೇನು, ಗಂಡ್ಮಕ್ಳ ಬಟ್ಟೆ!” ಅಂತ ಅತ್ತೆ ನೀಲಿ ಟೀ ಶರ್ಟು, ಕರಿ ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಇಲ್ಲಿ ಎಲ್ಲರದೂ ಅದೇ ಬಟ್ಟೆ. ಯಾರು ನೋಡ್ತಾರೆ ಬಿಡ್ರಿ ಅತ್ತೆ.”

“ನಿನ್ ಮಾವ ಇದ್ದಿದ್ರೆ ನೋಡ್ತಿದ್ರು,” ಅಂದು ನಕ್ಕು, ಹಾಕಿಕೊಂಡೇ ಬಂದರು.

ಅವರು ಬರುವಷ್ಟರಲ್ಲಿ ನಾನು ಅಲೆಕೊಳದ ನೀರು ತುಂಬಿಸಿ ಹನಿ ಹಾಕಿದ್ದೆ. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಈಜುಕೊಳದಲ್ಲಿ ಸಾಮಾನ್ಯವಾಗಿ 1ರಿಂದ 3. ಹಳದಿ ಸರಿಯಾಗಿಯೇ ಬಂತು. ಅಷ್ಟಕ್ಕೆ ನಂಬಿ ಕೂರುವ ಹಾಗಿಲ್ಲ, ಏಕೆಂದರೆ ಬಿಸಿಲು ಕ್ಲೋರಿನ್ನನ್ನು ತಿನ್ನುತ್ತದೆ. ಸಯನ್ಯೂರಿಕ್ ಆಮ್ಲ ಸೇರಿಸಿ ಅದನ್ನು ತಡೆಯದಿದ್ದರೆ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನದ ಹೊತ್ತಿಗೆ, ಅಂದರೆ ಜನ ಹೆಚ್ಚುವ ಹೊತ್ತಿಗೇ, ಮುಗಿದಿರುತ್ತದೆ. ಇನ್ನೊಂದು, ಬೋರಿನ ಗಡಸು ನೀರು. ಅದರ ಪಿಎಚ್ 8 ದಾಟಿದರೆ ಹಾಕಿದ ಕ್ಲೋರಿನ್ನಿನಲ್ಲಿ ಕ್ರಿಮಿ ಕೊಲ್ಲುವ ರೂಪದಲ್ಲಿರುವುದು ಕಾಲು ಭಾಗವೂ ಅಲ್ಲ. ಆದ್ದರಿಂದ ಆಮ್ಲ ಹಾಕಿ ಇಳಿಸಬೇಕು. ಒಳ್ಳೆಯ ಪಾರ್ಕಿನವರು ಇದನ್ನು ದಿನಕ್ಕೆ ಹಲವು ಸಲ ಅಳೆದು ಬರೆದಿಡುತ್ತಾರೆ. ಆ ಪುಸ್ತಕ ತೋರಿಸಿ ಎಂದು ಕೇಳಲು ಯಾರೂ ನಾಚಬೇಕಿಲ್ಲ.

ಜನ ತಲೆಕೆಳಗಾಗಿ ತಿಳಿದಿರುವ ಒಂದು ಸಂಗತಿಯಿದೆ. ಮೂಗಿಗೆ ರಾಚುವ ಗಾಟು ಬಂದರೆ “ಕ್ಲೋರಿನ್ ಚೆನ್ನಾಗಿ ಹಾಕಿದಾರೆ, ನೀರು ಶುದ್ಧ” ಅನ್ನುತ್ತಾರೆ. ಆ ಗಾಟು ಬರೀ ಕ್ಲೋರಿನ್ನಿನದಲ್ಲ. ಬೆವರು, ಉಚ್ಚೆಯ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನುಗಳದು. ಕಣ್ಣು ಕೆಂಪಾಗುವುದೂ ಬಹುಪಾಲು ಅದರಿಂದಲೇ. ನೀರಿಗಿಳಿಯುವ ಮೊದಲು ಶವರ್ ಕೆಳಗೆ ನಿಲ್ಲಿ, ಮಕ್ಕಳನ್ನು ಆಗಾಗ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಿರಿ ಎನ್ನುವುದು ಇದಕ್ಕೇ. ಭೇದಿ ಹತ್ತಿದ ಮಗುವನ್ನಂತೂ ಕರೆತರಲೇಬಾರದು. ಕ್ರಿಪ್ಟೋಸ್ಪೋರಿಡಿಯಂ ಎಂಬ ಸೂಕ್ಷ್ಮಜೀವಿ ಕ್ಲೋರಿನ್ ಇರುವ ನೀರಿನಲ್ಲೂ ದಿನಗಟ್ಟಲೆ ಬದುಕುತ್ತದೆ. ಒಂದು ಗುಟುಕು ನುಂಗಿದರೆ ಸಾಕು. ಡಬ್ಬಿ ಇಲ್ಲದವರಿಗೆ ಒಂದು ಸುಲಭ ಪರೀಕ್ಷೆ ಹೇಳುತ್ತೇನೆ: ಅತಿ ಆಳದ ಕಡೆ ನಿಂತು ನೋಡಿ, ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ನೀರೂ ಕೊಳಕು, ಮುಳುಗಿದವರೂ ಕಾಣುವುದಿಲ್ಲ.

ಸೈರನ್ ಕೂಗಿತು. ಜಾರುಬಂಡೆಗಳ ಸಾಲು ಖಾಲಿಯಾಗಿ ಎಲ್ಲರೂ ಅಲೆಕೊಳಕ್ಕೆ ಓಡಿದರು. ಆಳದ ತುದಿಯ ಗೋಡೆಯ ಹಿಂದೆ ಮುಚ್ಚಿದ ಕೋಣೆಗಳಿರುತ್ತವೆ. ದೊಡ್ಡ ಫ್ಯಾನು ಗಾಳಿಯನ್ನು ಅವುಗಳೊಳಗೆ ತುಂಬಿ ನೀರನ್ನು ಕೆಳಗೊತ್ತುತ್ತದೆ, ಬಾವಿಯಲ್ಲಿ ಖಾಲಿ ಕೊಡವನ್ನು ಬೋರಲು ಅದುಮಿದ ಹಾಗೆ. ಗಾಳಿ ಬಿಟ್ಟ ತಕ್ಷಣ ನೀರು ಮತ್ತೆ ಮೇಲೇರುತ್ತದೆ. ಕೆಲವು ಸೆಕೆಂಡಿಗೊಮ್ಮೆ ಹೀಗೆ ಒತ್ತಿ ಬಿಟ್ಟರೆ ಅಲೆ ಹುಟ್ಟಿ, ತಳ ಮೇಲೇರುತ್ತ ಬರುವ ದಡದ ಕಡೆ ಮುರಿಯುತ್ತದೆ. ಮನುಷ್ಯ ಮಾಡಿದ ಅಲೆಯ ಹುಚ್ಚು ಹಳೆಯದು. ಬವೇರಿಯಾದ ರಾಜ ಎರಡನೇ ಲುಡ್ವಿಗ್ 1870ರ ದಶಕದಲ್ಲೇ ಲಿಂಡರ್‌ಹೋಫ್ ಅರಮನೆಯ ಕೃತಕ ಗುಹೆಯೊಳಗೆ ಅಲೆಯಂತ್ರ ಇಟ್ಟಿದ್ದ. ಅವನೊಬ್ಬನ ಖುಷಿಗೆ. ನಮ್ಮಲ್ಲಿ ಅಲೆಕೊಳದೊಳಗೆ ಚನ್ನಗಿರಿ, ಹರಪನಹಳ್ಳಿ, ಜಗಳೂರಿನ ಸಂಸಾರಗಳೆಲ್ಲ ಒಟ್ಟಿಗೆ ಅರಚುತ್ತಿದ್ದವು.

ಅಲೆಕೊಳದಲ್ಲಿ ನಾನು ಹೆಚ್ಚು ನೋಡಿದ್ದು ಏಣಿ ಕುರ್ಚಿಯ ಮೇಲೆ ಸೀಟಿ ಹಿಡಿದು ಕೂತ ಹುಡುಗನನ್ನು. ಮೊಬೈಲ್ ಕೈಯಲ್ಲಿರಲಿಲ್ಲ, ಕಣ್ಣು ನೀರಿನ ಮೇಲೇ ಇತ್ತು. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವುದು ಅಪರೂಪ; ಬಾಯಿ ನೀರಿನಿಂದ ಮೇಲೆ ಬಂದಷ್ಟು ಹೊತ್ತೂ ಉಸಿರಿಗೇ ಸಾಲದು, ಕೂಗಲು ಎಲ್ಲಿಂದ ಬರಬೇಕು? ಅಂಥ ಗದ್ದಲದ ನಡುವೆ ಸದ್ದಿಲ್ಲದೆ ಆಗಿಹೋಗುತ್ತದೆ. ಕಾವಲಿನವನು ಕುರ್ಚಿಯಲ್ಲಿ ಇಲ್ಲದ ಕೊಳಕ್ಕೆ ನಾನು ಯಾರನ್ನೂ ಇಳಿಸುವುದಿಲ್ಲ, ಟಿಕೆಟ್ ದುಡ್ಡು ಹೋದರೂ ಸರಿ. ಅವನಿದ್ದರೂ ಚಿಕ್ಕವರು ನಮ್ಮ ಕೈಯಳತೆಯಲ್ಲೇ ಇರಬೇಕು.

ಅತ್ತೆ ಮೊದಲ ಅಲೆಗೆ ನನ್ನ ಮೊಣಕೈ ಹಿಡಿದುಕೊಂಡರು. ಎರಡನೆಯದಕ್ಕೆ ಪಕ್ಕದ ಗುರುತಿಲ್ಲದ ಹೆಂಗಸಿನ ಕೈ ಹಿಡಿದರು. ಆಕೆ ತನ್ನ ಓರಗಿತ್ತಿಯನ್ನು, ಓರಗಿತ್ತಿ ಇನ್ಯಾರನ್ನೋ ಹಿಡಿದು, ಸೊಂಟದುದ್ದದ ನೀರಿನಲ್ಲಿ ನೀಲಿ ಟೀ ಶರ್ಟಿನ ಹೆಂಗಸರ ಒಂದು ಸಾಲೇ ಆಯಿತು. ಅಲೆ ಬಂದಾಗ ಎಲ್ಲರೂ ಒಟ್ಟಿಗೆ ಜಿಗಿದರು. ನಮ್ಮ ಯಜಮಾನರು ದಡದಲ್ಲಿ ನಿಂತು ಎಲ್ಲರ ಚಪ್ಪಲಿ ಕಾದರು.

ಮೂರು ಗಂಟೆಗೆ ಕರೆಂಟು ಹೋಗಿ, ಜನರೇಟರ್ ಹತ್ತುವವರೆಗೆ ಅಲೆಯೂ ನಿಂತಿತು, ಜಾರುಬಂಡೆಯ ಪಂಪೂ ನಿಂತಿತು. ಮಕ್ಕಳು ಕ್ಯಾಂಟೀನಿನ ಮಂಡಕ್ಕಿ ಮಿರ್ಚಿಗೆ ಮುತ್ತಿದರು. ಅತ್ತೆ ಮಾತ್ರ ಒದ್ದೆ ಪ್ಯಾಂಟಿನಲ್ಲೇ ಕೌಂಟರಿಗೆ ನಡೆದು, ಒಳಗೆ ಕೂತಿದ್ದ ಮ್ಯಾನೇಜರನ್ನು ಕೇಳಿದರು: “ನಮ್ಮ ಭಜನಾ ಮಂಡಳಿಯವರು ಇಪ್ಪತ್ತು ಜನ ಇದೀವಿ. ಮಂಗಳವಾರ ಬಂದ್ರೆ ತಲೆಗೆಷ್ಟು ಕಡಿಮೆ ಮಾಡ್ತೀಯಪ್ಪ?”

“ಊಟ ಸೇರ್ಸಿ ಹೇಳ್ಲಾ ಅಜ್ಜಿ, ಊಟ ಬಿಟ್ಟಾ?”

“ಬಟ್ಟೆ ಬಾಡಿಗೆ ಬಿಟ್ಟು ಹೇಳು ಮೊದ್ಲು.”