ಎಳೆಯ ಬೆನ್ನಿಗೆ ಸೂಜಿ

1898ರ ಆಗಸ್ಟ್ ಮಾಸದಲ್ಲಿ ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯನಾದ ಆಗಸ್ಟ್ ಬಿಯರ್, ಬೆನ್ನುಹುರಿಯನ್ನು ಸುತ್ತುವರಿದ ದ್ರವದೊಳಕ್ಕೆ ಕೊಕೇನನ್ನು ಸೇರಿಸಿ, ಎಚ್ಚರವಾಗಿದ್ದ ರೋಗಿಯ ಕಾಲಿನ ಮೇಲೆ ನೋವಿಲ್ಲದೆ ಶಸ್ತ್ರಕ್ರಿಯೆ ನಡೆಸಿದನು. ತರುವಾಯ ಅವನೂ ಅವನ ಸಹಾಯಕ ಹಿಲ್ಡೆಬ್ರಾಂಟನೂ ಪರಸ್ಪರರ ಮೇಲೆಯೇ ಪ್ರಯೋಗಕ್ಕಿಳಿದುದೂ, ಕಾಲಿನ ಎಲುಬಿಗೆ ಸುತ್ತಿಗೆಯ ಪೆಟ್ಟು ಬಿದ್ದರೂ ಸಹಾಯಕನಿಗೆ ನೋವು ತಿಳಿಯದಿದ್ದುದೂ, ಬಳಿಕ ಬಿಯರನು ತಲೆನೋವಿನಿಂದ ಹಲವು ದಿನ ಹಾಸಿಗೆ ಹಿಡಿದುದೂ ವೈದ್ಯಕೀಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅವನ ಮೊದಲ ಕೆಲವೇ ರೋಗಿಗಳ ನಡುವೆ 11 ವರ್ಷದ ಬಾಲಕನೊಬ್ಬನಿದ್ದನೆಂಬುದು ಅಷ್ಟು ಪ್ರಸಿದ್ಧವಲ್ಲ. 1909ರಲ್ಲಿ ಲಂಡನ್ನಿನ ಟಿರೆಲ್ ಗ್ರೇ ಎಂಬ ಶಸ್ತ್ರವೈದ್ಯನು, ಶಿಶುಗಳಲ್ಲಿ ಈ ವಿಧಾನವನ್ನು ಬಳಸಿದ ಅನುಭವವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಿಸ್ತಾರವಾಗಿ ಬರೆದು, ಇದಕ್ಕೆ ಒಳ್ಳೆಯ ಭವಿಷ್ಯವಿದೆಯೆಂದು ನಂಬಿದನು. ಆದರೆ ಉಸಿರಿನ ಮೂಲಕ ನೀಡುವ ಅರಿವಳಿಕೆಯು ಸುಧಾರಿಸಿದಂತೆ ಆ ನಂಬಿಕೆ ಬಹುಕಾಲ ಮೂಲೆ ಸೇರಿತು.

ಅದನ್ನು ಮರಳಿ ಕರೆತಂದವರು ಅವಧಿಗೆ ಮುನ್ನ ಜನಿಸಿದ ಶಿಶುಗಳು. ಹರ್ನಿಯಾ ಇಂಥವರಲ್ಲಿ ಸಾಮಾನ್ಯ; ಅದರ ಶಸ್ತ್ರಕ್ರಿಯೆಗಾಗಿ ಪೂರ್ಣ ಅರಿವಳಿಕೆ ಕೊಟ್ಟರೆ ಅನಂತರದ ಗಂಟೆಗಳಲ್ಲಿ ಉಸಿರಾಟವು ಆಗಾಗ ನಿಂತುಹೋಗುವ ಭೀತಿಯಿತ್ತು. 1984ರಲ್ಲಿ ಅಮೆರಿಕದ ವರ್ಮಾಂಟ್‌ನ ಕ್ರಿಸ್ಟಿಯನ್ ಅಬಾಜಿಯನ್ ಮತ್ತು ಸಹೋದ್ಯೋಗಿಗಳು ಇಂಥ ಶಿಶುಗಳಲ್ಲಿ ಬೆನ್ನಿನ ಅರಿವಳಿಕೆಯನ್ನು ಬಳಸಿದ ವರದಿಯನ್ನು ಪ್ರಕಟಿಸಿದ ಮೇಲೆ ಮಕ್ಕಳ ಆಸ್ಪತ್ರೆಗಳು ಅತ್ತ ಮತ್ತೆ ನೋಡತೊಡಗಿದವು.

ಕೆಲಸ ಸಣ್ಣದು, ಕೈ ನುರಿತಿರಬೇಕು. ದಾದಿಯು ಶಿಶುವನ್ನು ಬೆನ್ನು ಬಾಗುವಂತೆ ಕೂರಿಸಿ, ಕತ್ತು ಮಡಿದು ಉಸಿರು ಕಟ್ಟದ ಹಾಗೆ ತಲೆಯನ್ನು ನೆಟ್ಟಗೆ ಹಿಡಿಯುತ್ತಾಳೆ. ವಯಸ್ಕರಲ್ಲಿ ಸೊಂಟದ ಮೊದಲೆರಡು ಕಶೇರುಗಳ ಬಳಿಯೇ ಮುಗಿಯುವ ಬೆನ್ನುಹುರಿಯು ಎಳೆಗೂಸಿನಲ್ಲಿ ಮೂರನೆಯದರವರೆಗೂ ಇಳಿದಿರುವುದರಿಂದ, ವೈದ್ಯನು ಇನ್ನೂ ಕೆಳಗಿನ ಸಂದನ್ನು ಆರಿಸಿ ಸೂಜಿಯನ್ನು ತೂರಿಸುತ್ತಾನೆ. ತಿಳಿಯಾದ ಹನಿಯೊಂದು ಹೊರಬಂದಾಗ ಔಷಧ ಒಳಹೋಗುತ್ತದೆ, ಕ್ಷಣಗಳಲ್ಲೇ ಒದೆಯುತ್ತಿದ್ದ ಕಾಲುಗಳು ಸಡಿಲಗೊಳ್ಳುತ್ತವೆ, ಕೂಸು ಎಷ್ಟೋ ಸಲ ತಾನಾಗಿ ನಿದ್ರಿಸಿಬಿಡುತ್ತದೆ. ದೊಡ್ಡವರಲ್ಲಿ ಅಂಜಿಕೆ ಹುಟ್ಟಿಸುವ ರಕ್ತದೊತ್ತಡದ ಕುಸಿತ ಇಲ್ಲಿ ಅಪರೂಪ. ಆದರೆ ಮೈತೂಕಕ್ಕೆ ಹೋಲಿಸಿದರೆ ಶಿಶುವಿನಲ್ಲಿ ಬೆನ್ನುಹುರಿಯ ಸುತ್ತಲಿನ ದ್ರವವು ವಯಸ್ಕರಿಗಿಂತ ಸುಮಾರು ಇಮ್ಮಡಿಯಿರುವುದರಿಂದ, ಔಷಧವನ್ನು ತೂಕದ ಲೆಕ್ಕದಲ್ಲಿ ಹೆಚ್ಚು ಕೊಟ್ಟರೂ ಅದರ ಪ್ರಭಾವ ಬೇಗ ಇಳಿಯುತ್ತದೆ. ಸುಮಾರು ಒಂದು ಗಂಟೆಯೊಳಗೆ ಹೊಲಿಗೆ ಮುಗಿಸಬಲ್ಲ ಶಸ್ತ್ರವೈದ್ಯನಿದ್ದಲ್ಲಿ ಮಾತ್ರ ಇದು ನಡೆಯುವ ವಿದ್ಯೆ.

ಪೂರ್ಣ ಅರಿವಳಿಕೆಯಿಂದ ಎಳೆಯ ಮಿದುಳಿಗೆ ಹಾನಿಯಾಗುವುದೇ ಎಂಬ ಶಂಕೆಯೂ ಈ ವಿಧಾನಕ್ಕೆ ಬೆಂಬಲವಾಗಿ ನಿಂತಿತ್ತು. ಹಲವು ದೇಶಗಳಲ್ಲಿ 722 ಶಿಶುಗಳನ್ನು ಎರಡು ಗುಂಪಾಗಿಸಿ ನಡೆಸಿದ ಅಧ್ಯಯನವು, ಒಂದು ಗಂಟೆಗೂ ಕಡಿಮೆಯ ಪೂರ್ಣ ಅರಿವಳಿಕೆಯಿಂದ ಐದು ವರ್ಷ ವಯಸ್ಸಿನಲ್ಲಿ ಬುದ್ಧಿಶಕ್ತಿಯ ವ್ಯತ್ಯಾಸ ಕಾಣದೆಂದು 2019ರಲ್ಲಿ ತಿಳಿಸಿತು. ಅಲ್ಲಿಗೆ ಬೆನ್ನಿನ ಸೂಜಿಯ ಪರವಾದ ವಾದವು ಮತ್ತೆ ಉಸಿರಾಟದ ಪ್ರಶ್ನೆಗೇ ಬಂದು ನಿಂತಿದೆ.