ಕೃತಜ್ಞತೆಯ ಗುರುವಾರ, ಚರಗದ ಅಮಾವಾಸ್ಯೆ

ಪರನಾಡಿನಲ್ಲಿ ನೆಲೆಸಿದವನಿಗೆ ತಾಯ್ನಾಡಿನ ನೆನಪು ಎಲ್ಲ ದಿನವೂ ಒಂದೇ ಬಗೆಯಾಗಿ ಬರುವುದಿಲ್ಲ. ದುಡಿಮೆಯ ದಿನಗಳಲ್ಲಿ ಅದು ಎಲ್ಲಿಯೋ ಮೂಲೆಯಲ್ಲಿ ಮಲಗಿರುತ್ತದೆ. ಹಬ್ಬದ ದಿನ ಎದ್ದು ಕೂಡುತ್ತದೆ. ಸುತ್ತಲಿನ ಜನರೆಲ್ಲ ಎಂದಿನಂತೆ ಕಚೇರಿಗೆ ಹೋಗುತ್ತಿರುವಾಗ, ಅಂಗಡಿಗಳು ಎಂದಿನಂತೆ ತೆರೆದಿರುವಾಗ, ‘ಇಂದು ನಮ್ಮೂರಲ್ಲಿ ಹಬ್ಬ’ ಎಂದು ಒಬ್ಬನೇ ಅಂದುಕೊಳ್ಳುವುದು ಸುಲಭವಾದ ಮಾತಲ್ಲ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ, ತಮ್ಮ ದೇಶದ ಹೊರಗಿರುವ ಅಮೆರಿಕದವರ ಪಾಡು ಹೀಗೆಯೇ. ಅಂದು ಅವರ ನಾಡಿನಲ್ಲಿ ‘ಥ್ಯಾಂಕ್ಸ್‌ಗಿವಿಂಗ್’, ಎಂದರೆ ಕೃತಜ್ಞತೆಯ ಹಬ್ಬ. ಉಳಿದ ಲೋಕಕ್ಕೆ ಅದು ಬರಿಯ ಗುರುವಾರ.

ಈ ಹಬ್ಬದ ಕಥೆಯನ್ನು ಅವರು ೧೬೨೧ಕ್ಕೆ ಒಯ್ಯುತ್ತಾರೆ. ಅದರ ಹಿಂದಿನ ವರ್ಷ ಇಂಗ್ಲೆಂಡಿನಿಂದ ಹಡಗೇರಿ ಪ್ಲಿಮತ್ ಎಂಬಲ್ಲಿಗೆ ಬಂದಿಳಿದವರಲ್ಲಿ ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲಿಯೇ ತೀರಿಕೊಂಡಿದ್ದರು. ಉಳಿದವರಿಗೆ ಆ ನೆಲದಲ್ಲಿ ಮೆಕ್ಕೆಜೋಳ ಬೆಳೆಯುವ ಕ್ರಮವನ್ನು ಕಲಿಸಿಕೊಟ್ಟವರು ಅಲ್ಲಿನ ಮೂಲನಿವಾಸಿಗಳು. ಆ ವರ್ಷದ ಸುಗ್ಗಿಯಲ್ಲಿ ವಾಂಪನೋಗ್ ಜನರೂ ವಲಸೆ ಬಂದವರೂ ಮೂರು ದಿನ ಜೊತೆಗೂಡಿ ಉಂಡರು. ಬಹುಕಾಲದ ಮೇಲೆ ಸಾರಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ಈ ದಿನವನ್ನು ಇಡೀ ದೇಶದ ಹಬ್ಬವಾಗಿಸಬೇಕೆಂದು ವರ್ಷಗಟ್ಟಲೆ ಬರೆದಳು. ಅಂತರ್ಯುದ್ಧದ ನಡುವೆ, ೧೮೬೩ರಲ್ಲಿ, ಅಧ್ಯಕ್ಷ ಲಿಂಕನ್ನನು ಅದನ್ನು ಸಾರಿದನು. ನಾಲ್ಕನೆಯ ಗುರುವಾರವೇ ಆಗಬೇಕೆಂದು ಶಾಸನವಾದದ್ದು ೧೯೪೧ರಲ್ಲಿ.

ಆದರೆ ಒಟ್ಟಿಗೆ ಉಂಡ ಆ ಮೂಲನಿವಾಸಿಗಳ ನೆಲ ಮುಂದೆ ಅವರ ಕೈತಪ್ಪಿಹೋಯಿತು. ಆದ್ದರಿಂದ ೧೯೭೦ರಿಂದೀಚೆಗೆ ಅವರ ವಂಶದವರು ಅದೇ ಪ್ಲಿಮತ್‌ನಲ್ಲಿ ಅದೇ ಗುರುವಾರವನ್ನು ಶೋಕದಿನವೆಂದು ಆಚರಿಸುತ್ತ ಬಂದಿದ್ದಾರೆ. ಅನ್ನದ ಹಬ್ಬದ ಹಿಂದೆ ನೆಲದ ಪ್ರಶ್ನೆ ಇದ್ದೇ ಇರುತ್ತದೆ. ಬಾಗಲಕೋಟೆಯ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸುರಿ ಭೂಮಿಗೆ ಬಯಕೆಯ ಊಟ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಕೃತಜ್ಞತೆಯ ಹಬ್ಬವೆಂದರೆ ಎಳ್ಳ ಅಮಾವಾಸ್ಯೆ. ಮಾರ್ಗಶಿರ ಮಾಸದ ಕೊನೆಯಲ್ಲಿ ಬರುವ ಈ ಅಮಾವಾಸ್ಯೆಯ ಹೊತ್ತಿಗೆ ಎರೆಹೊಲದಲ್ಲಿ ಹಿಂಗಾರಿ ಜೋಳ ಆಳೆತ್ತರಕ್ಕೆ ಬೆಳೆದು ಹೊಡೆ ಹಿರಿದು ತೆನೆ ತೋರಿಸುತ್ತಿರುತ್ತದೆ, ಕಡಲೆ ಹೂವಾಗಿರುತ್ತದೆ, ಕುಸುಬೆ ಮುಳ್ಳು ಕಟ್ಟಿಕೊಳ್ಳುತ್ತಿರುತ್ತದೆ. ಮನೆಮಂದಿಯೆಲ್ಲ ಚಕ್ಕಡಿಯನ್ನೋ ಈಗಿನ ರೂಢಿಯಂತೆ ಟ್ರ್ಯಾಕ್ಟರನ್ನೋ ಏರಿ ಹೊಲಕ್ಕೆ ಹೋಗುತ್ತಾರೆ. ಹೆಣ್ಣುಮಕ್ಕಳು ಇಳಕಲ್ಲ ಸೀರೆ ಉಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟಿರುತ್ತಾರೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಕಾಳಿನ ಪಲ್ಯ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡುಬು, ಬಗೆಬಗೆಯ ಹಿಂಡಿ, ಮೊಸರನ್ನ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿರಿಸಿ ಸುಣ್ಣ ಹಚ್ಚಿ, ಅವನ್ನೇ ಪಾಂಡವರೆಂದು ಭಾವಿಸಿ ಪೂಜಿಸುತ್ತಾರೆ. ಅನಂತರ ಎಲ್ಲ ಅಡುಗೆಯನ್ನೂ ಬೆರೆಸಿ, ಒಬ್ಬರು ಕೂಗುತ್ತ ಹೊಲದ ನಾಲ್ಕು ದಿಕ್ಕಿಗೂ ಚೆಲ್ಲುತ್ತ ನಡೆದರೆ, ಹಿಂದಿನಿಂದ ಇನ್ನೊಬ್ಬರು ನೀರು ಚಿಮುಕಿಸುತ್ತ ಬರುತ್ತಾರೆ. ಇದೇ ಚರಗ. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿ ಕಡಲೆಯ ಹುಳವನ್ನೂ ಹೆಕ್ಕಿ ಹೋಗುತ್ತದೆ ಎನ್ನುತ್ತಾರೆ ರೈತರು. ಬಳಿಕ ಎಲ್ಲರೂ ಗಿಡದ ನೆರಳಿನಲ್ಲಿ ಕುಳಿತು ಉಣ್ಣುವರು.

ಎರಡು ಹಬ್ಬಗಳ ನಡುವಿನ ವ್ಯತ್ಯಾಸವನ್ನು ಓದುಗರು ಈಗಾಗಲೇ ಕಂಡಿರಬೇಕು. ಅಮೆರಿಕದ ಹಬ್ಬ ಸುಗ್ಗಿ ಮುಗಿದು, ಕಾಳು ಮನೆ ಸೇರಿದ ಮೇಲಿನದು. ನಮ್ಮದು ಬೆಳೆ ಇನ್ನೂ ಹೊಲದಲ್ಲಿ ನಿಂತಿರುವಾಗಿನದು. ಇಬ್ಬನಿ ಕಡಿಮೆಯಾಗಬಹುದು, ಹುಳ ಬೀಳಬಹುದು, ಹಕ್ಕಿಯ ಹಿಂಡು ಎರಗಬಹುದು. ರಾಶಿ ಎಷ್ಟಾದೀತೆಂದು ಯಾರಿಗೂ ತಿಳಿಯದು. ಆದರೂ ಉಣಿಸುವ ಕೆಲಸ ಮೊದಲು. ತೆನೆ ಹೊತ್ತ ಭೂಮಿ ನಮ್ಮವರ ಕಣ್ಣಿಗೆ ಬಸುರಿ. ಚರಗ ಅವಳ ಬಯಕೆಯ ಊಟ.

ಇದಾದ ಕೆಲವೇ ದಿನಗಳಲ್ಲಿ ಬರುವುದು ಬನದ ಹುಣ್ಣಿಮೆ, ಬಾದಾಮಿಯ ಬನಶಂಕರಿಯ ಜಾತ್ರೆ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯಗಳನ್ನು ಬೆಳೆದು ಜನರನ್ನು ಉಳಿಸಿದಳೆಂಬ ಕಥೆಯ ಶಾಕಂಬರಿಯೇ ಈಕೆ. ಆ ಹೊತ್ತಿನ ‘ಪಲ್ಲೇದ ಹಬ್ಬ’ದಲ್ಲಿ ಅವಳಿಗೆ ೧೦೮ ಬಗೆಯ ಪಲ್ಯಗಳನ್ನು ಎಡೆಮಾಡುವ ವಾಡಿಕೆಯುಂಟು. ಕೊಟ್ಟವಳಿಗೆ ಕೊಟ್ಟದ್ದರಿಂದಲೇ ಉಣಿಸುವ ಈ ಮರ್ಯಾದೆ ಹೊಲದಲ್ಲಿಯೂ ಒಂದೇ, ಗುಡಿಯಲ್ಲಿಯೂ ಒಂದೇ.

ಇಳಕಲ್ಲಿಗೆ ಬಂದ ಸೊಸೆ

ನನ್ನ ದೊಡ್ಡಪ್ಪನ ಮಗ ಅಮೆರಿಕದಲ್ಲಿ ಎಂಜಿನಿಯರು. ಅವನ ಹೆಂಡತಿ ಅಲ್ಲಿಯವಳೇ. ನಾವು ಆಕೆಯನ್ನು ವೈನಿ ಎಂದೇ ಕರೆಯುತ್ತೇವೆ. ದೊಡ್ಡಪ್ಪ ತೀರಿಕೊಂಡ ಮೇಲೆ, ೨೦೨೪ರ ನವೆಂಬರಿನಲ್ಲಿ ಇಬ್ಬರೂ ಎರಡು ತಿಂಗಳ ರಜೆ ಪಡೆದು ಮಗಳೊಡನೆ ಇಳಕಲ್ಲಿನ ಮನೆಗೆ ಬಂದರು. ಹುನಗುಂದದ ಕಡೆಗಿರುವ ಹೊಲವನ್ನು ಮಾರಿ, ದೊಡ್ಡವ್ವನನ್ನು ತಮ್ಮೊಡನೆ ಕರೆದೊಯ್ಯಬೇಕೆಂಬುದು ಅಣ್ಣನ ಯೋಚನೆಯಾಗಿತ್ತು. ದೊಡ್ಡವ್ವ ಹ್ಞೂಂ ಎಂದೂ ಅಂದಿರಲಿಲ್ಲ, ಒಲ್ಲೆನೆಂದೂ ಅಂದಿರಲಿಲ್ಲ.

ನವೆಂಬರ್ ೨೮ ಗುರುವಾರ. ಅಂದು ತಮ್ಮ ಹಬ್ಬವನ್ನು ಮಾಡಬೇಕೆಂದು ವೈನಿ ಬಯಸಿದಳು. ಆ ಹಬ್ಬಕ್ಕೆ ಟರ್ಕಿ ಕೋಳಿ ಬೇಕು. ನಮ್ಮದು ಶಾಕಾಹಾರಿಗಳ ಮನೆ. ಸಿಹಿಗುಂಬಳದ ಸಿಹಿತಿಂಡಿಯನ್ನು ಬೇಯಿಸುವ ಒಲೆಯೂ ಅಲ್ಲಿರಲಿಲ್ಲ. ಕಡೆಗೆ ಅತ್ತೆ ಸೊಸೆಯರು ಕೂಡಿ ಆ ಕುಂಬಳಕಾಯಿಯಿಂದಲೇ ಬೆಲ್ಲದ ಕಡುಬು ಮಾಡಿದರು. ಉಣ್ಣುವ ಮೊದಲು, ತಮ್ಮ ಮನೆಯ ಪದ್ಧತಿಯಂತೆ, ಪ್ರತಿಯೊಬ್ಬರೂ ತಾವು ಯಾವುದಕ್ಕಾಗಿ ಕೃತಜ್ಞರೆಂಬುದನ್ನು ಒಂದು ಮಾತಿನಲ್ಲಿ ಹೇಳಬೇಕೆಂದು ವೈನಿ ಕೇಳಿಕೊಂಡಳು. ತಾನೇ ಮೊದಲು, ಈ ಮನೆಯಲ್ಲಿ ತನಗೆ ದೊರೆತ ಅಕ್ಕರೆಗಾಗಿ ಅತ್ತೆಗೆ ಧನ್ಯವಾದ ಹೇಳಿದಳು. ಅಣ್ಣ ಅದನ್ನು ಕನ್ನಡದಲ್ಲಿ ತಿಳಿಸಿದೊಡನೆ ದೊಡ್ಡವ್ವನ ಮುಖ ಬಾಡಿತು.

“ಮನ್ಯಾಗಿನವರು ಮನ್ಯಾಗಿನವರಿಗೆ ಉಪಕಾರ ಹೇಳ್ತಾರೇನಪಾ? ನನ್ನ ಹೊರಗಿನಾಕಿ ಮಾಡಿದ್ಲಲ್ಲ,” ಎಂದಳು.

ಇದರಲ್ಲಿ ಇಬ್ಬರ ತಪ್ಪೂ ಇಲ್ಲ. ‘ಧನ್ಯವಾದ’ವೆಂಬುದು ನಮಗೆ ಸಭೆಯ ಮಾತು, ಪತ್ರದ ಕೊನೆಯ ಮಾತು. ತಾಯಿ ಅನ್ನ ಬಡಿಸಿದಾಗ ಅದನ್ನು ನುಡಿದ ಕನ್ನಡಿಗನನ್ನು ನಾನಂತೂ ಕಂಡಿಲ್ಲ. ಹಾಗೆಂದು ನಮ್ಮವರು ಉಪಕಾರವನ್ನು ಅರಿಯದವರಲ್ಲ. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ಗಾದೆಯಲ್ಲಿ ‘ಹೇಳು’ ಎಂದಿಲ್ಲ, ‘ನೆನೆ’ ಎಂದಿದೆ. ನಮ್ಮಲ್ಲಿ ಉಪಕಾರವು ಋಣ. ಮಾತಿನಲ್ಲಿ ತೀರಿಸಿದರೆ ಲೆಕ್ಕ ಮುಗಿಸಿದಂತೆ. ಅಮೆರಿಕದವರಲ್ಲಿಯಾದರೋ ಮನಸ್ಸಿನಲ್ಲಿದ್ದುದನ್ನು ನುಡಿಯದೆ ಉಳಿಸಿಕೊಳ್ಳುವುದೇ ಕೊರತೆ. ಅಂದಿನ ಕಡುಬನ್ನು ಎಲ್ಲರೂ ಮೌನವಾಗಿಯೇ ಉಂಡರು.

ಒಂದು ತಿಂಗಳು ಕಳೆದು ಡಿಸೆಂಬರ್ ೩೦ರಂದು ಎಳ್ಳ ಅಮಾವಾಸ್ಯೆ ಬಂದಿತು. ವೈನಿ ದೊಡ್ಡವ್ವನ ಪೆಟ್ಟಿಗೆಯಲ್ಲಿದ್ದ ಟೋಪಿ ತೆನಿಯ ಸೆರಗಿನ ಸೀರೆಯನ್ನುಟ್ಟು ಹೊಲಕ್ಕೆ ಬಂದಳು. ಬುತ್ತಿ ಬಿಚ್ಚಿದಾಗ ನಾನು ಆಕೆಗೊಂದು ಸಂಗತಿಯನ್ನು ಹೇಳಿದೆ: ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿ ಮೆಕ್ಸಿಕೋದ ಕಡೆಯದು, ಪೋರ್ಚುಗೀಸರ ಕಾಲದ ಹಡಗುಗಳ ಓಡಾಟದಿಂದ ನಮ್ಮ ಕಡೆಗೆ ಬಂದವು. ಇವೆರಡನ್ನೂ ತೆಗೆದರೆ ಹೋಳಿಗೆಯ ಹೂರಣವೂ ಇಲ್ಲ, ಕೆಂಪು ಖಾರವೂ ಇಲ್ಲ. ಜೋಳ ಸಜ್ಜೆಗಳು ಅವಕ್ಕಿಂತ ಎಷ್ಟೋ ಹಿಂದೆ ಆಫ್ರಿಕದಿಂದ ಬಂದವು. ಬಂದವುಗಳನ್ನೆಲ್ಲ ಈ ಎರೆಮಣ್ಣು ತನ್ನವೆಂದೇ ಬೆಳೆದಿದೆ. ಆಕೆ ನಕ್ಕು, ಹೋಳಿಗೆಯನ್ನು ಎತ್ತಿಹಿಡಿದು, “ಹಾಗಾದರೆ ನಮ್ಮ ಕಡೆಯವರು ಮೊದಲೇ ಬಂದಿದ್ದಾರೆ,” ಎಂದಳು.

ಚರಗ ಚೆಲ್ಲಿ ಬಂದಮೇಲೆ ಆಕೆ ಒಂದು ಪ್ರಶ್ನೆ ಕೇಳಿದಳು. ಬೆಳೆ ಇನ್ನೂ ಕೈಗೆ ಬಂದಿಲ್ಲ, ಬಾರದೆಯೂ ಹೋಗಬಹುದು. ಹಾಗಿರುವಾಗ ಈಗಲೇ ಕೃತಜ್ಞತೆ ಸಲ್ಲಿಸುವುದು ಹೇಗೆ? ದೊಡ್ಡವ್ವ ರೊಟ್ಟಿ ಮುರಿಯುತ್ತಲೇ ಉತ್ತರ ಕೊಟ್ಟಳು:

“ಬಸುರಿಗಿ ಬಯಕಿ ಊಟ ಹೆರಿಗಿ ಆದಮ್ಯಾಲ ಮಾಡ್ತಾರೇನವಾ? ಆಕಿ ಏನ್ ಕೊಡ್ತಾಳ ಅನ್ನೂದು ಆಕಿಗೆ ಬಿಟ್ಟದ್ದು. ಈಗ ಹಸದಿರ್ತಾಳ, ಉಣಸಬೇಕು.”

ಮಗ ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಡುವೆ ನಿಂತ. ಹೊಲ ಮಾರುವ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಜನವರಿಯಲ್ಲಿ ಅವರು ಹೊರಡುವ ಮೊದಲು ಹೊಲವನ್ನು ಪಕ್ಕದ ರೈತರಿಗೆ ಪಾಲಿಗೆ ಹಾಕಿದರು. ದೊಡ್ಡವ್ವ ಇಳಕಲ್ಲಿನಲ್ಲಿಯೇ ಉಳಿದಳು. ವರ್ಷಕ್ಕೊಮ್ಮೆ ಅವರು ಬರುವುದು, ಅದೂ ಚರಗದ ಹೊತ್ತಿಗೆ, ಎಂದು ಗೊತ್ತಾಯಿತು. ಈ ಏರ್ಪಾಡಿನಿಂದ ಮುದುಕಿಯ ಒಂಟಿತನ ತೀರಿತೆಂದು ನಾನು ಹೇಳಲಾರೆ. ಮಗ ದೂರವೇ ಇದ್ದಾನೆ. ಮಂಡಿನೋವು ಹತ್ತಿರದಲ್ಲಿಯೇ ಇದೆ.

ಹೊಲವಿಲ್ಲದವರ ಚರಗ

ನಮ್ಮ ಸೀಮೆಗೆ ಬಂದು ತಮ್ಮ ಹಬ್ಬವನ್ನು ಮಾಡಿದ ಪರದೇಶಿಗಳಲ್ಲಿ ವೈನಿ ಮೊದಲಿನವಳಲ್ಲ. ೧೮೫೧ರಲ್ಲಿಯೇ ಬಾಸೆಲ್ ಮಿಶನ್ನಿನವರು ಬಾದಾಮಿಯ ಬಳಿಯ ಗುಳೇದಗುಡ್ಡದಲ್ಲಿ ನೇಕಾರರ ನಡುವೆ ನೆಲೆಯೂರಿದ್ದರು. ಅವರ ತಾಯ್ನಾಡಿನಲ್ಲಿಯೂ ಸುಗ್ಗಿಯ ಕೃತಜ್ಞತೆಯ ಆರಾಧನೆಯುಂಟು. ಬೆಳೆದ ಕಾಳುಕಡಿ, ಕಾಯಿಪಲ್ಯಗಳನ್ನು ದೇವಾಲಯಕ್ಕೆ ತಂದೊಪ್ಪಿಸಿ ಹರಾಜು ಮಾಡುವ ಸುಗ್ಗಿಹಬ್ಬವನ್ನು ಕನ್ನಡ ನಾಡಿನ ಚರ್ಚುಗಳಲ್ಲಿ ಇಂದಿಗೂ ಕಾಣಬಹುದು.

ಇನ್ನು ತಮ್ಮ ಊರಿನಲ್ಲಿದ್ದೂ ಪರನಾಡಿಗರಾದವರಿದ್ದಾರೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು ಲಾಲ್ ಬಹಾದುರ್ ಶಾಸ್ತ್ರಿಯವರು ೧೯೬೪ರಲ್ಲಿ ಅಡಿಗಲ್ಲನ್ನಿಟ್ಟರು. ಜಲಾಶಯದ ಮಟ್ಟ ೫೧೯.೬೦ ಮೀಟರಿಗೆ ಏರಿದಾಗ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಸರಿದು ಹಳೆಯ ಬಾಗಲಕೋಟೆಯ ಓಣಿಗಳನ್ನೂ ನದಿಯಂಚಿನ ಹೊಲಗಳನ್ನೂ ನುಂಗಿತು. ಜನ ನವನಗರಕ್ಕೆ ಬಂದರು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ ಸುತ್ತಲೂ ಗೋಡೆ ಕಟ್ಟಿ ಉಳಿಸಿಕೊಂಡದ್ದಾಯಿತು. ಪ್ರತಿಯೊಬ್ಬ ರೈತನ ಬನ್ನಿಯ ಗಿಡಕ್ಕೆ ಗೋಡೆ ಕಟ್ಟುವವರಾರು? ಅಣೆಕಟ್ಟಿನ ಮಟ್ಟವನ್ನು ೫೨೪.೨೫೬ ಮೀಟರಿಗೆ ಏರಿಸುವ ಯೋಜನೆಯಿಂದ ಇನ್ನೂ ಅನೇಕ ಊರುಗಳು ಈ ಸಾಲಿಗೆ ಸೇರಲಿವೆ. ಆ ನೀರಿನಿಂದ ಎಷ್ಟೋ ಒಣಭೂಮಿ ಹಸಿರಾದುದೂ ನಿಜವೇ. ಆ ಹಸಿರಿನ ಕೃತಜ್ಞತೆ ಮುಳುಗಿದ ಹೊಲದವರಿಗೂ ಸಲ್ಲಬೇಕು. ಅದು ಮಾತಿನಲ್ಲಿ ಸಲ್ಲಿಸಿದರೆ ಸಾಲದು.

ಅವರು ಚರಗ ಎಲ್ಲಿ ಚೆಲ್ಲುತ್ತಾರೆ? ಇದಕ್ಕೆ ನಮ್ಮ ಹಬ್ಬದಲ್ಲಿಯೇ ಒಂದು ಹಳೆಯ ಪರಿಹಾರವಿದೆ. ಎಳ್ಳ ಅಮಾವಾಸ್ಯೆಯಂದು ಹೊಲವುಳ್ಳವರು ಹೊಲವಿಲ್ಲದ ನೆರೆಯವರನ್ನೂ ಪೇಟೆಯ ಪರಿಚಿತರನ್ನೂ ಊಟಕ್ಕೆ ಕರೆಯುತ್ತಾರೆ. ನೇಕಾರ, ಮಾಸ್ತರ, ಅಂಗಡಿಕಾರ ಎಲ್ಲರೂ ಅಂದು ಯಾರದೋ ಹೊಲದ ನೆರಳಿನಲ್ಲಿರುತ್ತಾರೆ. ಅಮೆರಿಕದಲ್ಲಿಯೂ ಆ ಗುರುವಾರ ಊರಿಗೆ ಹೋಗಲಾಗದ ಪರದೇಶದ ವಿದ್ಯಾರ್ಥಿಗಳನ್ನು ಮನೆಗೆ ಕರೆದು ಉಣಿಸುವ ರೂಢಿಯುಂಟು. ನಮ್ಮ ಕಡೆಯಿಂದ ಹೋದ ಎಷ್ಟೋ ಹುಡುಗರು ಅಲ್ಲಿಯ ಮನೆಯನ್ನು ಮೊದಲು ಒಳಹೊಕ್ಕದ್ದು ಆ ದಿನವೇ.

ಅಲ್ಲಿನ ಕನ್ನಡ ಕೂಟಗಳು ಯುಗಾದಿ, ದಸರೆ, ದೀಪಾವಳಿಗಳನ್ನು ಸಭಾಗೃಹದಲ್ಲಿ ಚೆನ್ನಾಗಿ ನಡೆಸುತ್ತವೆ. ಎಳ್ಳ ಅಮಾವಾಸ್ಯೆ ಮಾತ್ರ ವೇದಿಕೆಯ ಮೇಲೆ ನಿಲ್ಲುವ ಹಬ್ಬವಲ್ಲ; ಅದಕ್ಕೆ ಮಣ್ಣು ಬೇಕು, ಆ ಹೊತ್ತಿನಲ್ಲಿ ಅಲ್ಲಿ ಬಹುಕಡೆ ಹಿಮ ಬಿದ್ದಿರುತ್ತದೆ. ಅಣ್ಣನ ಮನೆಯಲ್ಲಿ ಈಗ ಗುರುವಾರದ ಊಟದಲ್ಲಿ ಶೇಂಗಾ ಹೋಳಿಗೆಯೂ ಇರುತ್ತದಂತೆ. ಉಣ್ಣುವ ಮೊದಲು ಮಗಳು ಎಲ್ಲ ಪದಾರ್ಥಗಳಿಂದ ಒಂದೊಂದು ತುತ್ತನ್ನು ತೆಗೆದು ಹಿತ್ತಿಲಿನಲ್ಲಿ ಹಕ್ಕಿಗಳಿಗೆ ಚೆಲ್ಲಿ ಬರುತ್ತಾಳಂತೆ. ದೂರವಾಣಿಯಲ್ಲಿ ಇದನ್ನು ಕೇಳಿದ ದೊಡ್ಡವ್ವ ಮೊಮ್ಮಗಳನ್ನು ವಿಚಾರಿಸಿದ್ದು ಒಂದೇ ಮಾತು: “ಹಿಂದಿಂದ ನೀರು ಯಾರು ಹಾಕಿದ್ರವಾ?” ತಾಯಿ ಹಾಕಿದಳೆಂದು ಹುಡುಗಿ ಹೇಳಿದಳು. ಮುದುಕಿಗೆ ಸಮಾಧಾನವಾಯಿತು.