ಮಾತ್ರೆ ಮಿತಿಮೀರಿದರೆ ತಡ ಬೇಡ

ನೀಲಗಿರಿಯ ಪಂದಲೂರು ವಯನಾಡಿಗೆ ತಾಗಿದ ಚಹಾತೋಟಗಳ ಸೀಮೆ. ಅಲ್ಲಿಂದ ಗೂಡಲೂರಿಗೆ ಬಂದು, ಘಾಟಿ ಏರಿ ಊಟಿಯ ದೊಡ್ಡಾಸ್ಪತ್ರೆ ಸೇರುವುದೆಂದರೆ ಎರಡು ಮೂರು ಗಂಟೆಯ ಮಾತು. ರಾತ್ರಿಯಾದರೆ ದಾರಿಯಲ್ಲಿ ಆನೆಯ ಭಯವೂ ಉಂಟು. ಇಂತಹ ಕಡೆ ಯಾರಾದರೂ ಮಾತ್ರೆಗಳನ್ನು ಮಿತಿಮೀರಿ ನುಂಗಿದರೆ ಮನೆಯವರು ಮಾಡುವ ತಡವೇ ಮುಳುವಾದೀತು.

ಎಲ್ಲರ ಮನೆಯಲ್ಲಿರುವ ಪ್ಯಾರಾಸಿಟಮಾಲನ್ನೇ ನೋಡಿ. ಹೆಚ್ಚು ನುಂಗಿದವರು ಮೊದಲ ದಿನ ಆರಾಮವಾಗಿಯೇ ಕಾಣಬಹುದು. 'ಏನೂ ಆಗಲಿಲ್ಲವಲ್ಲ' ಎಂದು ನಾವು ಸುಮ್ಮನಾಗುತ್ತೇವೆ. ಯಕೃತ್ತು ಕೆಟ್ಟದ್ದು ತಿಳಿಯುವುದು ಎರಡು ಮೂರು ದಿನಗಳ ಮೇಲೆ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. 8 ಗಂಟೆಯೊಳಗೆ ಕೊಟ್ಟರೆ ಬಹುಮಟ್ಟಿಗೆ ಕಾಯುತ್ತದೆ. ಅನಂತರವೂ ಕೊಡುವುದುಂಟು, ಫಲ ಮಾತ್ರ ಕಡಿಮೆ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ಬೇಡವೇ ಬೇಡ. ವಾಂತಿ ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ. 108ಕ್ಕೆ ಕರೆಮಾಡಿ, ಹತ್ತಿರದ ಸರಕಾರಿ ಆಸ್ಪತ್ರೆಗೆ ಮೊದಲು ಒಯ್ಯಿರಿ. ಪ್ರಜ್ಞೆ ತಪ್ಪಿದ್ದರೂ ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಉಸಿರು ನಿಂತರೆ ಎದೆ ಒತ್ತಲು ತೊಡಗಬೇಕು. ಮಾತ್ರೆಯ ಖಾಲಿ ಪಟ್ಟಿ ಜೊತೆಗಿರಲಿ. ವೈದ್ಯರಿಗೆ ನಮ್ಮ ನೂರು ಮಾತಿಗಿಂತ ಅದು ಮೇಲು.

ಹಲವರು ಹಿಂಜರಿಯುವುದು ಪೊಲೀಸ್ ಕೇಸಿನ ಹೆದರಿಕೆಯಿಂದ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಕ್ರಮವುಂಟು, ನಿಜ. ಆದರೆ 2017ರ ಮಾನಸಿಕ ಆರೋಗ್ಯ ಕಾಯಿದೆಯು ಪ್ರಾಣ ಕಳೆದುಕೊಳ್ಳಲೆತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದೇ ಬಗೆಯುತ್ತದೆ. 2024ರ ಜುಲೈಯಲ್ಲಿ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ. ಮನಸ್ಸು ಭಾರವಾದವರು ಮಾತನಾಡಲು 14416 ಎಂಬ ದೂರವಾಣಿ ಹಗಲಿರುಳೂ ಇದೆ; ಕನ್ನಡದಲ್ಲಿಯೂ, ತಮಿಳಿನಲ್ಲಿಯೂ, ಮಲಯಾಳದಲ್ಲಿಯೂ.